ಹೊತ್ತಿನ ಹಂಗು: ಇನ್ಸುಲಿನ್ ಪಂಪು ಮತ್ತು ದಿನಚರಿಯ ಚರಿತ್ರೆ

ಜಠರದ ಹಿಂಬದಿಯಲ್ಲಿ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿಯು ಆರೋಗ್ಯವಂತರ ದೇಹದಲ್ಲಿ ಇನ್ಸುಲಿನ್ ಎಂಬ ಹಾರ್ಮೋನನ್ನು ಎರಡು ಬಗೆಯಲ್ಲಿ ಸ್ರವಿಸುತ್ತದೆ: ಹಗಲಿರುಳೂ ನಿಲ್ಲದೆ ಜಿನುಗುವ ತೆಳುವಾದ ಧಾರೆ ಒಂದು, ಉಂಡಾಗಲೆಲ್ಲ ಆ ಊಟಕ್ಕೆ ತಕ್ಕಷ್ಟು ಉಕ್ಕಿ ಬರುವ ಅಲೆ ಇನ್ನೊಂದು. ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡಿಬಿಡುವ, ಹಲವೊಮ್ಮೆ ಮಕ್ಕಳಲ್ಲೂ ಹರೆಯದವರಲ್ಲೂ ತಲೆದೋರುವ ಟೈಪ್ 1 ಮಧುಮೇಹದಲ್ಲಿ ಈ ಧಾರೆಯೂ ಬತ್ತುತ್ತದೆ, ಅಲೆಯೂ ಅಡಗುತ್ತದೆ. ಇನ್ಸುಲಿನ್ ಪಂಪು ಎಂಬುದು ಈ ಎರಡನ್ನೂ ಹೊರಗಿನಿಂದ ಅನುಕರಿಸಲು ಹವಣಿಸುವ ಪುಟ್ಟ ಯಂತ್ರ. ಅದರೊಳಗಿನ ಸಂಗ್ರಹದಿಂದ ಸಣ್ಣ ಕೊಳವೆಯೊಂದರ ಮೂಲಕ ಚರ್ಮದಡಿಯ ಕೊಬ್ಬಿನ ಪದರಕ್ಕೆ ಇನ್ಸುಲಿನ್ ಹರಿಯುತ್ತದೆ, ನಿರಂತರವಾಗಿ ಹರಿಯುವ ಪ್ರಮಾಣವನ್ನು ಬೇಸಲ್ ಎಂದೂ ಊಟಕ್ಕೆ ಮುನ್ನ ಗುಂಡಿ ಒತ್ತಿ ಪಡೆಯುವ ಪ್ರಮಾಣವನ್ನು ಬೋಲಸ್ ಎಂದೂ ಕರೆಯುತ್ತಾರೆ.

ಈ ಉಪಕರಣದ ಚರಿತ್ರೆಯನ್ನು ಅದು ಕಿರಿದಾಗುತ್ತ ಬಂದ ಕಥೆಯಾಗಿ ಹೇಳುವುದು ವಾಡಿಕೆ. ಬೆನ್ನಿಗೆ ಹೊರಬೇಕಾಗಿದ್ದದ್ದು ಸೊಂಟಕ್ಕೆ ಇಳಿಯಿತು, ಸೊಂಟದ್ದು ಜೇಬಿಗೆ ಸೇರಿತು, ಜೇಬಿನದು ತೋಳಿಗೆ ಅಂಟಿಕೊಂಡಿತು ಎಂಬ ಆ ಕಥೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಯಂತ್ರವನ್ನು ತೊಟ್ಟು ಬದುಕಿದವರ ದಿನಚರಿಯ ಕಡೆಯಿಂದ ನೋಡಿದರೆ ಈ ಚರಿತ್ರೆಯ ನಡುವೆ ನಿಂತಿರುವುದು ಹೊತ್ತಿನ ಪ್ರಶ್ನೆ. ಯಾವಾಗ ಉಣ್ಣಬೇಕು, ಯಾವಾಗ ಏಳಬೇಕು, ಎಷ್ಟು ದುಡಿಯಬಹುದು ಎಂಬುದನ್ನು ಗೊತ್ತುಮಾಡುವ ಹಕ್ಕು ಮದ್ದಿನದಾಗಿತ್ತೋ ಮನುಷ್ಯನದೋ, ಮತ್ತು ಗ್ರಂಥಿಯು ಸದ್ದಿಲ್ಲದೆ ಮಾಡುತ್ತಿದ್ದ ಲೆಕ್ಕದ ಕೆಲಸ ಪ್ರತಿ ಕಾಲದಲ್ಲಿ ಯಾರ ಹೆಗಲಿಗೆ ಬಿತ್ತು ಎಂಬುದನ್ನು ಹಿಂಬಾಲಿಸಿದರೆ, ಈ ನೂರು ವರ್ಷಗಳ ಬದಲಾವಣೆ ಇನ್ನೊಂದು ಬೆಳಕಿನಲ್ಲಿ ಕಾಣಿಸುತ್ತದೆ.

1922ಕ್ಕೆ ಮುಂಚೆ ಅಂಥ ಪ್ರಶ್ನೆ ಏಳುವಷ್ಟು ಆಯುಸ್ಸೇ ಈ ರೋಗಿಗಳಿಗೆ ಇರಲಿಲ್ಲ. ಅಮೆರಿಕದಲ್ಲಿ ಫ್ರೆಡರಿಕ್ ಆ್ಯಲೆನ್ ಮತ್ತು ಎಲಿಯಟ್ ಜಾಸ್ಲಿನ್ ಎಂಬ ವೈದ್ಯರು ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು, ಕೆಲವೊಮ್ಮೆ ಪೂರ್ತಿ ಉಪವಾಸಕ್ಕೆ ಹಾಕಿ, ಸಾವನ್ನು ತಿಂಗಳುಗಳ ಮಟ್ಟಿಗೆ ಮುಂದೂಡುತ್ತಿದ್ದರು; ಅದಕ್ಕಿಂತ ಒಳ್ಳೆಯ ಚಿಕಿತ್ಸೆ ಆಗ ಲೋಕದಲ್ಲಿ ಎಲ್ಲೂ ಇರಲಿಲ್ಲ. ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್, ಜೆ.ಜೆ.ಆರ್. ಮೆಕ್ಲಿಯಡ್ ಮತ್ತು ಜೇಮ್ಸ್ ಕಾಲಿಪ್ ಸಿದ್ಧಪಡಿಸಿದ ಗ್ರಂಥಿಸಾರವನ್ನು 1922ರ ಜನವರಿ 11ರಂದು ಲೆನರ್ಡ್ ಥಾಮ್ಸನ್ ಎಂಬ 14 ವರ್ಷದ ಬಾಲಕನಿಗೆ ಮೊದಲ ಬಾರಿ ಚುಚ್ಚಿದಾಗ ಫಲ ಅಷ್ಟಾಗಿ ಸಿಗದಿದ್ದರೂ, ಕಾಲಿಪ್ ಶುದ್ಧಗೊಳಿಸಿದ ಸಾರವನ್ನು ಜನವರಿ 23ರಂದು ಕೊಟ್ಟಾಗ ಆ ಬಾಲಕನ ರಕ್ತದ ಸಕ್ಕರೆ ಇಳಿಯಿತು. ಸಾವು ಹಿಂದೆ ಸರಿದ ಆ ದಿನದಿಂದಲೇ, ಬದುಕಿಡೀ ಇನ್ಸುಲಿನ್ನಿನೊಂದಿಗೆ ಒಗ್ಗಿಕೊಳ್ಳುವ ಹೊಸ ಬಗೆಯ ಸಂಸಾರವೂ ಆರಂಭವಾಯಿತೆನ್ನಬೇಕು.

ಆ ಸಂಸಾರದ ಮೊದಲ ಅರ್ಧ ಶತಮಾನವನ್ನು ಅಡುಗೆಮನೆಯಿಂದಲೇ ಅರಿಯಬೇಕು, ಏಕೆಂದರೆ ಔಷಧಾಲಯದ ಕೆಲಸವೆಲ್ಲ ಅಲ್ಲಿಗೆ ಬಂದು ಸೇರಿತ್ತು. ಗಾಜಿನ ಸಿರಿಂಜನ್ನೂ ಉಕ್ಕಿನ ಸೂಜಿಯನ್ನೂ ಪಾತ್ರೆಯಲ್ಲಿಟ್ಟು ಕುದಿಸಬೇಕು, ಮತ್ತೆ ಮತ್ತೆ ಬಳಸಿ ಮೊಂಡಾದ ಸೂಜಿಯನ್ನು ಸಾಣೆಕಲ್ಲಿಗೆ ಉಜ್ಜಿ ಹರಿತ ಮಾಡಬೇಕು, ಅದರ ರಂಧ್ರ ಕಟ್ಟದಂತೆ ಸಣ್ಣ ತಂತಿ ತೂರಿಸಿಡಬೇಕು. ಸಕ್ಕರೆಯ ಮಟ್ಟವನ್ನು ತಿಳಿಯಲು ಮೂತ್ರದ ಕೆಲವು ಹನಿಗಳನ್ನು ಬೆನೆಡಿಕ್ಟ್ ದ್ರಾವಣ ಎಂಬ ನೀಲಿ ತಾಮ್ರದ್ರವದೊಂದಿಗೆ ಕಾಯಿಸಬೇಕು. ಬಣ್ಣ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರು, ಹಳದಿ, ಕಿತ್ತಳೆಯಾಗಿ ಕೊನೆಗೆ ಇಟ್ಟಿಗೆಗೆಂಪಿಗೆ ತಿರುಗಿದರೆ ಸಕ್ಕರೆ ವಿಪರೀತ ಎಂದರ್ಥ. ಕನ್ನಡ ನಾಡಿನ ಕಾಲೇಜುಗಳ ರಸಾಯನಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ಈ ಪರೀಕ್ಷೆಯನ್ನು ಕಂಡವರು ಅನೇಕರಿದ್ದಾರೆ, ಆದರೆ ಅದನ್ನೇ ದಿನಕ್ಕೆ ಮೂರು ನಾಲ್ಕು ಸಲ ಮನೆಯ ಒಲೆಯ ಮೇಲೆ ಮಾಡುತ್ತಿದ್ದ ತಾಯಂದಿರ ಶ್ರಮ ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ದಾಖಲಾಗಿರುವುದು ತೀರಾ ಕಡಿಮೆ.

ಆ ಶ್ರಮಕ್ಕೆ ಸಿಗುತ್ತಿದ್ದ ಮಾಹಿತಿಯೂ ಹಳಸಿದ್ದು. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ಮೀರಿದ ಮೇಲಷ್ಟೇ ಮೂತ್ರಪಿಂಡಗಳು ಅದನ್ನು ಹೊರಚೆಲ್ಲುವುದರಿಂದ, ಮೂತ್ರದ ಬಣ್ಣವು ಕೆಲವು ಗಂಟೆಗಳ ಹಿಂದೆ ಏನಾಗಿತ್ತೆಂಬುದನ್ನು ಹೇಳುತ್ತಿತ್ತೇ ಹೊರತು ಈಗ ಏನಾಗುತ್ತಿದೆ ಎಂಬುದನ್ನು ಹೇಳುತ್ತಿರಲಿಲ್ಲ, ಮತ್ತು ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿದ್ದರೆ ಆ ಸುಳಿವನ್ನು ಎಂದೂ ಕೊಡುತ್ತಿರಲಿಲ್ಲ. ಹೀಗೆ ಕಣ್ಣು ಕಟ್ಟಿದಂತಿದ್ದ ಸ್ಥಿತಿಯಲ್ಲಿ, ದಿನಕ್ಕೆ ಹಲವು ಬಾರಿ ಚುಚ್ಚಿಕೊಳ್ಳುವ ಹಿಂಸೆಯನ್ನು ತಗ್ಗಿಸಲೆಂದು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಹಾಗೆಡೋರ್ನ್ 1936ರಲ್ಲಿ ಮೀನಿನ ವೀರ್ಯದಿಂದ ತೆಗೆದ ಪ್ರೋಟಮಿನ್ ಎಂಬ ಪ್ರೋಟೀನನ್ನು ಬೆರೆಸಿ ನಿಧಾನವಾಗಿ ಕರಗುವ ಇನ್ಸುಲಿನ್ನನ್ನು ತಂದರು. ಅದರ ಸುಧಾರಿತ ರೂಪವಾಗಿ 1946ರಲ್ಲಿ ಬಂದ ಎನ್‌ಪಿಎಚ್ ಇಂದಿಗೂ ಬಳಕೆಯಲ್ಲಿದೆ. ಚುಚ್ಚುವುದು ಕಡಿಮೆಯಾಯಿತು, ಆದರೆ ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಬೆಳಿಗ್ಗೆ ಒಮ್ಮೆ ಚುಚ್ಚಿದ ಇನ್ಸುಲಿನ್ ತನ್ನದೇ ಗತಿಯಲ್ಲಿ ಏರಿ ಮಧ್ಯಾಹ್ನ ಅಥವಾ ಸಂಜೆಗೆ ಉತ್ತುಂಗಕ್ಕೆ ತಲುಪುತ್ತಿದ್ದುದರಿಂದ, ಆ ಹೊತ್ತಿಗೆ ಹಸಿವಿರಲಿ ಇಲ್ಲದಿರಲಿ ಹೊಟ್ಟೆಗೆ ಏನಾದರೂ ಬಿದ್ದಿರಲೇಬೇಕಿತ್ತು. ಊಟ ತಡವಾದರೆ ಬೆವರು, ನಡುಕ, ಮಬ್ಬು, ಕೊನೆಗೆ ಪ್ರಜ್ಞೆ ತಪ್ಪುವುದು ಎಂಬ ಕ್ರಮದಲ್ಲಿ ಹೈಪೋಗ್ಲೈಸೀಮಿಯಾ, ಅಂದರೆ ಸಕ್ಕರೆ ಕುಸಿತ, ಬಂದೆರಗುತ್ತಿತ್ತು. ಊಟವು ಇನ್ಸುಲಿನ್ನಿನ ಹಿಂದೆ ಓಡಬೇಕಾದ ಈ ಏರ್ಪಾಡು ಮಕ್ಕಳ ಆಟವನ್ನು, ಹಬ್ಬದ ದಿನದ ತಡವಾದ ಊಟವನ್ನು, ದೂರದ ಪ್ರಯಾಣವನ್ನು, ರಜೆಯ ಬೆಳಗಿನ ನಿದ್ದೆಯನ್ನು ಸಹ ಗಡಿಯಾರದ ಮುಳ್ಳಿಗೆ ಕಟ್ಟಿಹಾಕಿತು.

ಈ ಕಟ್ಟನ್ನು ಸಡಿಲಿಸುವ ಯಂತ್ರದ ಮೊದಲ ಯತ್ನ ನಡೆದದ್ದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ಅಲ್ಲಿನ ವೈದ್ಯ ಆರ್ನಲ್ಡ್ ಕಾಡಿಶ್ 1960ರ ದಶಕದ ಮೊದಲ ವರ್ಷಗಳಲ್ಲಿ ರಕ್ತದ ಸಕ್ಕರೆಯನ್ನು ಅಳೆದು, ಅದು ಏರಿದರೆ ಇನ್ಸುಲಿನ್ನನ್ನೂ ಇಳಿದರೆ ಸಕ್ಕರೆ ಏರಿಸುವ ಗ್ಲುಕಗಾನ್ ಎಂಬ ಹಾರ್ಮೋನನ್ನೂ ತಾನಾಗಿ ಹರಿಸುವ ಉಪಕರಣವೊಂದನ್ನು ಕಟ್ಟಿದರು. ಅದು ಸೈನಿಕರು ಬೆನ್ನಿಗೆ ಹೊರುವ ಚೀಲದಷ್ಟು ದೊಡ್ಡದಾಗಿದ್ದು ನಿತ್ಯಬಳಕೆಗೆ ಒದಗುವಂತಿರಲಿಲ್ಲವಾದರೂ, ಅಳೆಯುವುದು, ನಿರ್ಧರಿಸುವುದು, ಕೊಡುವುದು ಎಂಬ ಮೂರೂ ಕೆಲಸಗಳು ಮನುಷ್ಯನ ನೆರವಿಲ್ಲದೆ ಒಂದೇ ಸುತ್ತಿನಲ್ಲಿ ನಡೆಯಬೇಕೆಂಬ ಅದರ ಕಲ್ಪನೆಯನ್ನು ನಿತ್ಯಬದುಕಿನಲ್ಲಿ ಸಮೀಪಿಸಲು ಮುಂದಿನವರಿಗೆ ಐದು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. 1974ರಲ್ಲಿ ಟೊರಾಂಟೊ ಮತ್ತು ಜರ್ಮನಿಯ ಉಲ್ಮ್ ನಗರಗಳಲ್ಲಿ, 1977ರಲ್ಲಿ ಬಯೋಸ್ಟೇಟರ್ ಎಂಬ ಹೆಸರಿನಲ್ಲಿ ಬಂದ ಯಂತ್ರಗಳು ಅದೇ ಸುತ್ತನ್ನು ಪೂರ್ಣಗೊಳಿಸಿದವು; ಆದರೆ ಅವು ಹಾಸಿಗೆಯ ಪಕ್ಕದಲ್ಲಿ ನಿಂತು ರೋಗಿಯ ರಕ್ತನಾಳಕ್ಕೆ ಕೊಳವೆ ಹಾಕಿಕೊಂಡು ನಡೆಯುತ್ತಿದ್ದ ಸಂಶೋಧನಾ ಸಲಕರಣೆಗಳು.

ಬದುಕಿಗೆ ಹೊಂದಿಕೊಳ್ಳುವ ಪಂಪು ಬಂದದ್ದು ಈ ಮಹತ್ವಾಕಾಂಕ್ಷೆಯನ್ನು ಬದಿಗಿಟ್ಟವರಿಂದ. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಜಾನ್ ಪಿಕಪ್, ಹ್ಯಾರಿ ಕೀನ್ ಮತ್ತು ಸಂಗಡಿಗರು, ಅಳೆಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಆಸೆ ಬಿಟ್ಟು, ರಕ್ತನಾಳದ ಬದಲು ಚರ್ಮದಡಿಗೆ, ಒಂದು ನಿಧಾನ ಗತಿಯಲ್ಲಿ ಸದಾಕಾಲವೂ ಊಟದ ಹೊತ್ತಿಗೆ ಅದಕ್ಕಿಂತ ವೇಗವಾಗಿಯೂ ಇನ್ಸುಲಿನ್ ಹರಿಸುವ ವಿಧಾನವನ್ನು 1978ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಬಳಸಿದ್ದು ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡು, ಆ ಊರಿನ ಹೆಸರನ್ನೇ ಹೊತ್ತಿದ್ದ ಬ್ಯಾಟರಿಚಾಲಿತ ಪಂಪನ್ನು. ಮರುವರ್ಷ, 1979ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಲಿಯಂ ಟ್ಯಾಂಬೊರ್ಲೇನ್, ರಾಬರ್ಟ್ ಶೆರ್ವಿನ್ ಮತ್ತು ಸಂಗಡಿಗರು ಎಳೆಯ ರೋಗಿಗಳಲ್ಲಿ ಇದೇ ಉಪಾಯದಿಂದ ಸಕ್ಕರೆಯನ್ನು ಸಹಜ ಮಟ್ಟದ ಹತ್ತಿರಕ್ಕೆ ತರಬಹುದೆಂದು ತೋರಿಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಪಂಪಿನ ಮೊದಲ ಉದ್ದೇಶ ರೋಗಿಯ ಅನುಕೂಲವಾಗಿರಲಿಲ್ಲ. ರಕ್ತದ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡ ಮತ್ತು ನರಗಳಿಗೆ ವರ್ಷಗಳ ಮೇಲೆ ಆಗುವ ಹಾನಿ ತಪ್ಪುತ್ತದೆಯೇ ಇಲ್ಲವೇ ಎಂಬ ಬಗ್ಗೆ ವೈದ್ಯರಲ್ಲಿ ದಶಕಗಳಿಂದ ತೀವ್ರ ವಾಗ್ವಾದ ನಡೆದಿತ್ತು. ಸೂಜಿಯಿಂದ ಅಷ್ಟು ಬಿಗಿಯಾದ ಹತೋಟಿ ಸಾಧ್ಯವಾಗದ ಕಾರಣ ಆ ವಾದವನ್ನು ಪರೀಕ್ಷಿಸುವ ದಾರಿಯೇ ಇರಲಿಲ್ಲ. ಲಂಡನ್ನಿನ ತಂಡ ಪಂಪನ್ನು ಕೈಗೆತ್ತಿಕೊಂಡದ್ದು ಬಹುಮಟ್ಟಿಗೆ ಆ ಪರೀಕ್ಷೆಯ ಸಾಧನವಾಗಿ. ಮುಂದೆ ಲಕ್ಷಾಂತರ ಜನರ ಸೊಂಟಕ್ಕೆ ಬರಲಿದ್ದ ಈ ಯಂತ್ರ ಒಂದು ವೈಜ್ಞಾನಿಕ ತಕರಾರನ್ನು ತೀರ್ಮಾನಿಸಲು ಹುಟ್ಟಿತೆಂಬುದು, ಅದರ ಮೊದಲ ರೂಪಗಳಲ್ಲಿ ತೊಟ್ಟವರ ದಿನಚರಿಯ ಬಗ್ಗೆ ಅಷ್ಟೊಂದು ಅಲಕ್ಷ್ಯ ಏಕಿತ್ತೆಂಬುದಕ್ಕೆ ವಿವರಣೆಯನ್ನೂ ಒದಗಿಸುತ್ತದೆ.

ಇದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಸಿದ್ಧತೆ ನಡೆದಿತ್ತು. ಬೆರಳ ತುದಿಯ ಒಂದು ಹನಿ ರಕ್ತದಿಂದ ಸಕ್ಕರೆಯನ್ನು ಅಂದಾಜು ಮಾಡುವ ಪಟ್ಟಿ 1960ರ ದಶಕದ ನಡುವಿನಲ್ಲಿ ಬಂದು, ಅದರ ಬಣ್ಣವನ್ನು ಓದುವ ಮೀಟರ್ ಸುಮಾರು 1970ರ ಹೊತ್ತಿಗೆ ಬಂದಿತ್ತಾದರೂ, ಆ ಮೀಟರನ್ನು ತಯಾರಿಸಿದ್ದು ಆಸ್ಪತ್ರೆ ಮತ್ತು ವೈದ್ಯರಿಗಾಗಿ. ತಾವೇ ಮಧುಮೇಹಿಯಾಗಿದ್ದ ಎಂಜಿನಿಯರ್ ರಿಚರ್ಡ್ ಬರ್ನ್‌ಸ್ಟೈನ್, ವೈದ್ಯೆಯಾಗಿದ್ದ ಪತ್ನಿಯ ಹೆಸರಿನಲ್ಲಿ ಅದನ್ನು ಕೊಂಡು ದಿನಕ್ಕೆ ಹಲವು ಬಾರಿ ತಮ್ಮ ರಕ್ತವನ್ನು ತಾವೇ ಪರೀಕ್ಷಿಸಿಕೊಂಡು, ಮುಂದೆ ವೈದ್ಯಪದವಿಯನ್ನೂ ಪಡೆದು ಆ ಅಭ್ಯಾಸಕ್ಕಾಗಿ ವಾದಿಸಿದರು. 1970ರ ದಶಕದ ಕೊನೆಗೆ ಮನೆಯಲ್ಲೇ ರಕ್ತಪರೀಕ್ಷೆ ಮಾಡಿಕೊಳ್ಳುವುದು ಒಪ್ಪಿತವಾಗದೆ ಹೋಗಿದ್ದರೆ ಪಂಪು ಆಸ್ಪತ್ರೆಯ ಬಾಗಿಲು ದಾಟುತ್ತಿರಲಿಲ್ಲ. ಎಷ್ಟು ಹರಿಸಬೇಕೆಂದು ಗೊತ್ತಿಲ್ಲದೆ ಹರಿಸುವ ಯಂತ್ರ ಅಪಾಯಕಾರಿ.

ಮೊದಲ ತಲೆಮಾರಿನ ಪಂಪುಗಳನ್ನು ಧರಿಸುವುದು ಕಷ್ಟದ ವ್ರತವೇ ಆಗಿತ್ತು. ವೈದ್ಯ ವಿದ್ಯಾರ್ಥಿಯಾಗಿದ್ದ ಅಣ್ಣನ ಅಗತ್ಯಕ್ಕೆಂದು ಸಣ್ಣ ಔಷಧ ಪಂಪನ್ನು ರೂಪಿಸಿ 1976ರಲ್ಲಿ ಆಟೋಸಿರಿಂಜ್ ಕಂಪನಿ ಕಟ್ಟಿದ ಡೀನ್ ಕಾಮೆನ್ ಅವರ ಉಪಕರಣವನ್ನು ಬಳಕೆದಾರರು ಅದರ ಗಾತ್ರ ಮತ್ತು ಬಣ್ಣಕ್ಕಾಗಿ ನೀಲಿ ಇಟ್ಟಿಗೆ ಎಂದು ಕರೆದರು. ಆ ಕಾಲದ ಪಂಪುಗಳಲ್ಲಿ ಹರಿವಿನ ಗತಿ ಬದಲಿಸಲು ಸಣ್ಣ ಸ್ಕ್ರೂಡ್ರೈವರ್ ಬೇಕಾಗುತ್ತಿತ್ತು. ಗತಿ ಸ್ಥಿರವಾಗಿದ್ದ ಮಾದರಿಗಳಲ್ಲಿ ಪ್ರತಿಯೊಬ್ಬರ ಅಗತ್ಯಕ್ಕೆ ತಕ್ಕಂತೆ ಇನ್ಸುಲಿನ್ನನ್ನೇ ತೆಳುಮಾಡಿ ತುಂಬಬೇಕಾಗುತ್ತಿತ್ತು. ಉಕ್ಕಿನ ಸೂಜಿಯನ್ನು ಹೊಟ್ಟೆಗೆ ಚುಚ್ಚಿ ಅಂಟುಪಟ್ಟಿಯಿಂದ ಬಿಗಿದು ಮಲಗಬೇಕು, ಮಗ್ಗುಲಾದಾಗ ಕೊಳವೆ ಮಡಚೀತೆಂಬ ಅಂಜಿಕೆ, ಚುಚ್ಚಿದ ಜಾಗ ಕೆಂಪಾಗಿ ಕೀವು ಕಟ್ಟುವ ಕಾಟ. ಇದಕ್ಕೆಲ್ಲ ಮಿಗಿಲಾದ ಅಪಾಯ ಕಣ್ಣಿಗೆ ಕಾಣದಂಥದು: ದೇಹದ ಶಾಖ ಮತ್ತು ಅಲುಗಾಟಕ್ಕೆ ಇನ್ಸುಲಿನ್ ಗರಣೆಗಟ್ಟಿ ಕೊಳವೆಯೊಳಗೆ ತಡೆಯಾದರೆ, ಚರ್ಮದಡಿ ನಿಧಾನಗತಿಯ ಇನ್ಸುಲಿನ್ನಿನ ದಾಸ್ತಾನು ಇಲ್ಲದ ಕಾರಣ ಕೆಲವೇ ಗಂಟೆಗಳಲ್ಲಿ ರಕ್ತವು ಆಮ್ಲವಾಗುವ ಕೀಟೋಅಸಿಡೋಸಿಸ್ ಎಂಬ ಮಾರಕ ಸ್ಥಿತಿ ಒದಗುತ್ತಿತ್ತು. ಪಂಪು ತೊಟ್ಟವರಲ್ಲಿ ಸಂಭವಿಸಿದ ಸಾವುಗಳ ಬಗ್ಗೆ 1982ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ವರದಿ ಮಾಡಿದಾಗ ಆತಂಕ ಹರಡಿತು. ಇತರ ಮಧುಮೇಹಿಗಳಲ್ಲಿ ನಿರೀಕ್ಷಿತವಾದುದಕ್ಕಿಂತ ಆ ಪ್ರಮಾಣ ಹೆಚ್ಚೇನೂ ಅಲ್ಲವೆಂದು ಮುಂದಿನ ವಿಶ್ಲೇಷಣೆ ಹೇಳಿತಾದರೂ ಅಳುಕು ಉಳಿಯಿತು. 1985ರಲ್ಲಿ ಡೆನ್ಮಾರ್ಕಿನಿಂದ ಇನ್ಸುಲಿನ್ ಪೆನ್ನು ಬಂದು, ಜೇಬಿನಲ್ಲಿ ಲೇಖನಿಯಂತೆ ಇಟ್ಟುಕೊಂಡು ದಿನಕ್ಕೆ ನಾಲ್ಕು ಬಾರಿ ಚುಚ್ಚಿಕೊಳ್ಳುವುದು ಸಲೀಸಾದ ಮೇಲೆ ಪಂಪಿನ ಕಡೆಗಿನ ಒಲವು ಇನ್ನಷ್ಟು ತಗ್ಗಿತು.

ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದು, ಅದು ಹುಟ್ಟಿದ್ದು ಯಾವ ತಕರಾರಿಗಾಗಿಯೋ ಅದರ ತೀರ್ಪು. ಅಮೆರಿಕ ಮತ್ತು ಕೆನಡಾದ 29 ಕೇಂದ್ರಗಳಲ್ಲಿ 1441 ಜನ ಟೈಪ್ 1 ಮಧುಮೇಹಿಗಳನ್ನು ಸರಾಸರಿ ಆರೂವರೆ ವರ್ಷ ಗಮನಿಸಿದ ಡಿಸಿಸಿಟಿ ಎಂಬ ಸಂಕ್ಷಿಪ್ತನಾಮದ ಪ್ರಯೋಗ 1993ರಲ್ಲಿ ತನ್ನ ಫಲಿತಾಂಶವನ್ನು ಪ್ರಕಟಿಸಿತು. ದಿನಕ್ಕೆ ಮೂರು ಅಥವಾ ಹೆಚ್ಚು ಇಂಜೆಕ್ಷನ್ನುಗಳಿಂದಲೋ ಪಂಪಿನಿಂದಲೋ ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ, ಆರಂಭದಲ್ಲಿ ಕಣ್ಣಿನ ಹಾನಿ ಇಲ್ಲದವರ ಪೈಕಿ ಅಂಥ ಹಾನಿ ಹೊಸದಾಗಿ ತಲೆದೋರುವ ಸಂಭವ ಶೇಕಡಾ 76ರಷ್ಟು ಕಡಿಮೆಯಾಗಿತ್ತು. ದಶಕಗಳ ವಾದ ಮುಗಿಯಿತು. ಆದರೆ ತೀವ್ರವಾದ ಸಕ್ಕರೆ ಕುಸಿತ ಅದೇ ಗುಂಪಿನಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿತ್ತೆಂಬುದನ್ನೂ, ಆ ಗುಂಪಿನವರು ದಿನಕ್ಕೆ ನಾಲ್ಕು ಸಲ ರಕ್ತ ಪರೀಕ್ಷಿಸಿಕೊಂಡು, ತಿಂಗಳಿಗೊಮ್ಮೆ ಕೇಂದ್ರಕ್ಕೆ ಹೋಗಿ, ನಡುನಡುವೆ ದೂರವಾಣಿಯಲ್ಲಿ ಸಲಹೆ ಪಡೆಯುತ್ತಿದ್ದರೆಂಬುದನ್ನೂ ಮರೆಯಬಾರದು. ಒಳ್ಳೆಯ ಫಲ ಬಂದದ್ದು ಯಂತ್ರ ಅಥವಾ ಸೂಜಿಯಿಂದ ಮಾತ್ರವಲ್ಲದೆ, ಅವುಗಳ ಹಿಂದೆ ನಿಂತ ಬಹು ದೊಡ್ಡ ಎಚ್ಚರದಿಂದ. ಪ್ರಯೋಗ ಮುಗಿದ ಮೇಲೆ ಆ ಎಚ್ಚರದ ಭಾರವನ್ನು ಸಾಮಾನ್ಯ ಕುಟುಂಬಗಳು ಒಂಟಿಯಾಗಿಯೇ ಹೊರಬೇಕಾಯಿತು.

1990ರ ದಶಕದಲ್ಲಿ ಪಂಪು ಪೇಜರಿನಷ್ಟಾಯಿತು, ಉಕ್ಕಿನ ಸೂಜಿಯ ಜಾಗಕ್ಕೆ ಚರ್ಮದಡಿ ಉಳಿಯುವ ಮೃದುವಾದ ಪ್ಲಾಸ್ಟಿಕ್ ನಳಿಕೆ, ಅಂದರೆ ಕ್ಯಾನ್ಯುಲಾ, ಬಂದಿತು, 1996ರಲ್ಲಿ ಲಿಸ್‌ಪ್ರೊ ಎಂಬ ಶೀಘ್ರಗತಿಯ ಇನ್ಸುಲಿನ್ ಬಂದು ಊಟಕ್ಕೆ ಅರ್ಧ ಗಂಟೆ ಮೊದಲೇ ಕಾದು ಕೂರುವ ಕಟ್ಟಳೆಯನ್ನು ಸಡಿಲಿಸಿತು. ಊಟದ ಹಿಂದೆ ಇನ್ಸುಲಿನ್ ನಡೆಯುವ ಏರ್ಪಾಡು ಆಗ ನಿಜವಾಗಿ ಸಾಧ್ಯವಾಯಿತು, ಮತ್ತು ಪಂಪಿಗೆ ಒಗ್ಗಿಕೊಳ್ಳುವುದೆಂದರೆ ಏನೆಂಬುದರ ರೂಢಿಗಳೂ ಆ ವರ್ಷಗಳಲ್ಲೇ ನೆಲೆಗೊಂಡವು. ಎರಡು ಮೂರು ದಿನಗಳಿಗೊಮ್ಮೆ ಕ್ಯಾನ್ಯುಲಾವನ್ನು ಕಿತ್ತು, ಹೊಟ್ಟೆಯ ಅಥವಾ ಪೃಷ್ಠದ ಬೇರೆ ಜಾಗದಲ್ಲಿ ಹೊಸದನ್ನು ಕೂರಿಸಬೇಕು. ಒಂದೇ ಜಾಗವನ್ನು ಪದೇ ಪದೇ ಬಳಸಿದರೆ ಅಲ್ಲಿ ಕೊಬ್ಬು ಗಂಟುಕಟ್ಟಿ ದೇಹವು ಇನ್ಸುಲಿನ್ನನ್ನು ಸರಿಯಾಗಿ ಹೀರಿಕೊಳ್ಳದು. ಬೇಸಲ್ ಗತಿ ಸರಿಯಿದೆಯೇ ಎಂದು ತಿಳಿಯಲು ಒಂದು ಹೊತ್ತಿನ ಊಟ ಬಿಟ್ಟು ಗಂಟೆಗೊಮ್ಮೆ ರಕ್ತ ನೋಡಬೇಕು, ರಾತ್ರಿಯದನ್ನು ಅರಿಯಲು ಎರಡು ಮೂರು ಗಂಟೆಯ ಸರಿಹೊತ್ತಿನಲ್ಲಿ ಏಳಬೇಕು. ಬೆಳಗಿನ ಜಾವ ದೇಹದ ಇತರ ಹಾರ್ಮೋನುಗಳು ಎಚ್ಚೆತ್ತು ಸಕ್ಕರೆ ತಾನಾಗಿ ಏರುವುದರಿಂದ ಆ ಕೆಲವು ಗಂಟೆಗಳಿಗೆ ಬೇರೆ ಗತಿ, ಆಟವಾಡುವ ಸಂಜೆಗೆ ಬೇರೆ ಗತಿ, ಜ್ವರ ಬಂದ ದಿನಕ್ಕೆ ಮತ್ತೊಂದು. ಸ್ನಾನಕ್ಕೋ ಈಜಿಗೋ ಬಿಚ್ಚಿಟ್ಟರೆ ಹೊತ್ತು ಮೀರದಂತೆ ಮರಳಿ ಜೋಡಿಸಬೇಕು, ಏಕೆಂದರೆ ಶೀಘ್ರಗತಿಯ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯದು.

ಎಲ್ಲಕ್ಕಿಂತ ಹೆಚ್ಚು ಬುದ್ಧಿ ಬೇಡಿದ್ದು ಊಟದ ಎಣಿಕೆ. ತಟ್ಟೆಯಲ್ಲಿರುವ ಪಿಷ್ಟ ಮತ್ತು ಸಕ್ಕರೆಯನ್ನು ಗ್ರಾಂ ಲೆಕ್ಕದಲ್ಲಿ ಅಂದಾಜಿಸಿ, ಇಷ್ಟು ಗ್ರಾಮಿಗೆ ಒಂದು ಯೂನಿಟ್ ಎಂಬ ತನ್ನದೇ ಅನುಪಾತದಿಂದ ಬೋಲಸ್ ಹಾಕಿಕೊಳ್ಳುವ ಈ ಪದ್ಧತಿ ಬೆಳೆದದ್ದು ಪೊಟ್ಟಣದ ಮೇಲೆ ಪೋಷಕಾಂಶಗಳ ಪಟ್ಟಿ ಅಚ್ಚಾಗಿರುವ ನಾಡುಗಳಲ್ಲಿ. ಕನ್ನಡ ನಾಡಿನ ಮನೆಗಳಲ್ಲಿ ಅಳತೆ ನಡೆಯುವುದು ಸೌಟಿನಲ್ಲಿ, ಹಿಡಿಯಲ್ಲಿ, ಕಣ್ಣಂದಾಜಿನಲ್ಲಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 67ರಿಂದ 72 ಗ್ರಾಂ ಶರ್ಕರಪಿಷ್ಟವಿರುತ್ತದೆಂದು ಆಹಾರ ಕೋಷ್ಟಕಗಳು ಹೇಳಿದರೂ, ಮುದ್ದೆಯ ಗಾತ್ರ ಮನೆಯಿಂದ ಮನೆಗೆ, ಕಟ್ಟುವ ಕೈಯಿಂದ ಕೈಗೆ ಬದಲಾಗುತ್ತದೆ. ಬಡಿದ ಜೋಳದ ರೊಟ್ಟಿ ತೆಳುವೋ ದಪ್ಪವೋ ಎಂಬುದರ ಮೇಲೆ ಲೆಕ್ಕ ಏರುಪೇರಾಗುತ್ತದೆ. ಮದುವೆಯ ಬಾಳೆಲೆ ಊಟದಲ್ಲಿ ಮುಂದೆ ಏನು ಬಡಿಸುತ್ತಾರೆ, ಎಷ್ಟು ಬಡಿಸುತ್ತಾರೆ ಎಂಬುದು ಉಣ್ಣುವವರ ಕೈಯಲ್ಲಿಲ್ಲವಾದ್ದರಿಂದ ಒಂದೇ ಬೋಲಸ್ಸಿನಲ್ಲಿ ಊಟವನ್ನು ಮುಗಿಸುವಂತಿಲ್ಲ. ತುಪ್ಪ ಸುರಿದ ಹೋಳಿಗೆಯಂಥ ತಿನಿಸಿನಲ್ಲಿ ಕೊಬ್ಬು ಜೀರ್ಣವನ್ನು ನಿಧಾನಿಸಿ ಸಕ್ಕರೆಯನ್ನು ಗಂಟೆಗಳ ಮೇಲೆ ಏರಿಸುವುದರಿಂದ, ಇನ್ಸುಲಿನ್ನಿನ ಒಂದು ಪಾಲನ್ನು ಕೂಡಲೇ ಕೊಟ್ಟು ಉಳಿದದ್ದನ್ನು ಎರಡು ಮೂರು ಗಂಟೆಗಳಲ್ಲಿ ಹಂಚಿ ಹರಿಸುವ ಪಂಪಿನ ಸೌಲಭ್ಯ ಇಂಥಲ್ಲಿ ನಿಜಕ್ಕೂ ಒದಗಿಬರುತ್ತದೆ. ಸೂಜಿಯಿಂದ ಮಾಡಲಾಗದ ಕೆಲಸ ಇದು. ಆದರೆ ಹಾಗೆ ಹಂಚಬೇಕೆಂಬ ತಿಳಿವನ್ನು ಯಂತ್ರ ಕೊಡುವುದಿಲ್ಲ, ಅದು ಹಲವು ತಪ್ಪುಗಳ ನಂತರ ಮನೆಯವರಿಗೆ ದಕ್ಕುವ ಅನುಭವ.

ಉಡುಗೆಯ ಮಾತೂ ಇದಕ್ಕೆ ಸೇರಿದ್ದೇ. ಪಂಪಿನ ಹಿಂಬದಿಯ ಕೊಕ್ಕೆಯನ್ನು ರೂಪಿಸಿದವರ ಕಣ್ಣೆದುರಿಗಿದ್ದುದು ಪ್ಯಾಂಟಿನ ಬೆಲ್ಟು. ಸೀರೆ ಉಡುವವರು ಅದನ್ನು ನೆರಿಗೆಯ ಬಳಿ ಸಿಕ್ಕಿಸಿಕೊಳ್ಳಬೇಕು ಇಲ್ಲವೇ ಬಟ್ಟೆಯ ಚೀಲ ಹೊಲಿಸಿ ಒಳಗೆ ಕಟ್ಟಿಕೊಳ್ಳಬೇಕು. ಕಾಯಿಲೆಯನ್ನು ಒಳಗೇ ಇಟ್ಟುಕೊಂಡು ನಡೆಯಲು ಸಿರಿಂಜು ಬಿಡುತ್ತಿತ್ತು, ಪಂಪು ಅದನ್ನು ಮೈಮೇಲೆ ಕಾಣುವಂತೆ ಮಾಡಿತು. ಹೆಣ್ಣುಮಕ್ಕಳ ಮದುವೆಯ ಮಾತು ಬಂದಾಗ ಟೈಪ್ 1 ಮಧುಮೇಹವನ್ನು ಮುಚ್ಚಿಡುವ ಒತ್ತಡ ಇಂದಿಗೂ ಇರುವ ಸಮಾಜದಲ್ಲಿ ಇದು ಸಣ್ಣ ತೊಡಕಲ್ಲ. ಪಂಪು ಬೇಡವೆಂದವರನ್ನು ಹಿಂಜರಿಯುವವರೆಂದು ಕೆಲವು ವೈದ್ಯಕೀಯ ಬರಹಗಳು ಬಣ್ಣಿಸಿರುವುದು ನ್ಯಾಯವಲ್ಲ. ದಿನದ 24 ಗಂಟೆಯೂ ತನ್ನ ದೇಹಕ್ಕೆ ಅಂಟಿಕೊಂಡು, ಸದ್ದು ಮಾಡಿ ಎಚ್ಚರಿಸುವ ವಸ್ತುವನ್ನು ಒಪ್ಪಿಕೊಳ್ಳುವುದೂ ಒಲ್ಲೆನೆನ್ನುವುದೂ ಅದನ್ನು ಹೊರುವವರ ವಿವೇಚನೆಗೆ ಬಿಟ್ಟ ವಿಷಯ.

ಮುಂದಿನ ಎರಡು ದಶಕಗಳ ಬೆಳವಣಿಗೆ ವೇಗದ್ದು. 1999ರಲ್ಲಿ ಒಪ್ಪಿಗೆ ಪಡೆದ ಮೊದಲ ನಿರಂತರ ಗ್ಲೂಕೋಸ್ ಮಾಪಕ ಮೂರು ದಿನದ ದಾಖಲೆಯನ್ನು ವೈದ್ಯರಿಗೆ ತೋರಿಸುತ್ತಿತ್ತೇ ಹೊರತು ತೊಟ್ಟವರಿಗೆ ಆ ಕ್ಷಣದಲ್ಲಿ ಏನನ್ನೂ ಹೇಳುತ್ತಿರಲಿಲ್ಲ; ಕೆಲವೇ ವರ್ಷಗಳಲ್ಲಿ ಆ ಅಂಕಿ ಕಣ್ಣೆದುರಿಗೆ ಬಂತು. 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಆಮ್ನಿಪಾಡ್ ಕೊಳವೆಯನ್ನೇ ಇಲ್ಲವಾಗಿಸಿ ಚರ್ಮಕ್ಕೆ ನೇರವಾಗಿ ಅಂಟಿಕೊಂಡಿತು. 2009ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂದ ಪಂಪೊಂದು, ಸಕ್ಕರೆ ತೀರಾ ಇಳಿದು ತೊಟ್ಟವರು ಎಚ್ಚರಿಕೆಯ ಸದ್ದಿಗೆ ಓಗೊಡದಿದ್ದರೆ, ಎರಡು ಗಂಟೆಯವರೆಗೆ ತಾನಾಗಿ ಇನ್ಸುಲಿನ್ ನಿಲ್ಲಿಸಬಲ್ಲುದಾಗಿತ್ತು. ಮಕ್ಕಳ ಹಾಸಿಗೆಯ ಪಕ್ಕದಲ್ಲಿ ನಿದ್ದೆಗೆಟ್ಟು ಕೂತ ತಂದೆತಾಯಿಗಳಿಗೆ ಈ ಒಂದು ಸೌಲಭ್ಯ ಎಷ್ಟು ದೊಡ್ಡದೆಂಬುದನ್ನು ಆ ರಾತ್ರಿಗಳನ್ನು ಕಂಡವರು ಮಾತ್ರ ಬಲ್ಲರು.

ಆದರೂ ಕಂಪನಿಗಳ ಮತ್ತು ಅನುಮತಿ ಮಂಡಳಿಗಳ ನಡಿಗೆ ಸಾಲದೆಂದು ಕಂಡ ಕುಟುಂಬಗಳು ತಾವೇ ಕೆಲಸಕ್ಕಿಳಿದದ್ದು ಈ ಚರಿತ್ರೆಯ ಅತ್ಯಂತ ಗೌರವಾರ್ಹವಾದ ಅಧ್ಯಾಯ. 2013ರ ಹೊತ್ತಿಗೆ ಅಮೆರಿಕದ ಕೆಲವು ತಂತ್ರಜ್ಞ ಪೋಷಕರು ಮಾಪಕದ ಅಂಕಿಗಳನ್ನು ದೂರದಿಂದಲೇ ನೋಡಲಾಗುವಂತೆ ಮಾಡಿ, ಶಾಲೆಯಲ್ಲಿದ್ದ ಮಗುವಿನ ಸಕ್ಕರೆಯನ್ನು ಕಚೇರಿಯಿಂದ ಗಮನಿಸತೊಡಗಿದರು. ಆ ಸಾಧನ ನೈಟ್‌ಸ್ಕೌಟ್ ಎಂಬ ಹೆಸರಿನಲ್ಲಿ ಹರಡಿತು, ‘ನಾವು ಕಾಯುವುದಿಲ್ಲ’ ಎಂಬುದು ಅವರ ಘೋಷಣೆಯಾಯಿತು. ಸ್ವತಃ ಟೈಪ್ 1 ಮಧುಮೇಹವಿದ್ದ ಡೇನಾ ಲೂಯಿಸ್, ಅವರೊಂದಿಗೆ ಸ್ಕಾಟ್ ಲೈಬ್ರಾಂಡ್, ಹೊರಗಿನಿಂದ ಆಜ್ಞೆ ಸ್ವೀಕರಿಸಬಲ್ಲ ಹಳೆಯ ಪಂಪುಗಳನ್ನು ಸಣ್ಣ ಕಂಪ್ಯೂಟರಿಗೆ ಜೋಡಿಸಿ, ಮಾಪಕ ಹೇಳಿದ್ದನ್ನು ಕೇಳಿ ಬೇಸಲ್ ಗತಿಯನ್ನು ತಾನಾಗಿ ಏರಿಳಿಸುವ ವ್ಯವಸ್ಥೆಯ ವಿನ್ಯಾಸವನ್ನು 2015ರಲ್ಲಿ ಎಲ್ಲರಿಗೂ ಮುಕ್ತವಾಗಿ ತೆರೆದಿಟ್ಟರು. ಇಂಥದೇ ಕೆಲಸ ಮಾಡುವ ಮೊದಲ ವಾಣಿಜ್ಯ ಪಂಪು, ಮೆಡ್‌ಟ್ರಾನಿಕ್ ಕಂಪನಿಯ 670ಜಿ, ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2016ರ ಸೆಪ್ಟೆಂಬರಿನಲ್ಲಿ.

ಕರ್ನಾಟಕದಲ್ಲಿ ಈ ಎಲ್ಲ ಕಾಲಗಳೂ ಒಟ್ಟೊಟ್ಟಿಗೆ ಬದುಕಿವೆ. ರಾಜ್ಯದ ಟೈಪ್ 1 ಮಧುಮೇಹದ ಬಗ್ಗೆ 1995ರಿಂದ 2008ರವರೆಗಿನ ನೋಂದಣಿ ದಾಖಲೆ ಇದೆ, ಬೆಂಗಳೂರಿನ ಬಯೋಕಾನ್ ಕಂಪನಿ ಯೀಸ್ಟಿನ ನೆರವಿನಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು, ಟೈಪ್ 1 ಮಧುಮೇಹದ ಆರೈಕೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಆದರೆ ಸಾಮಾನ್ಯ ಮಾನವ ಇನ್ಸುಲಿನ್ನಿನ ಬಾಟಲಿ ಇಲ್ಲಿ ಈಗಲೂ ಮಿಲಿಲೀಟರಿಗೆ 40 ಯೂನಿಟ್ಟಿನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪಂಪಿಗೆ ಬೇಕಾದದ್ದು 100 ಯೂನಿಟ್ಟಿನ ಶೀಘ್ರಗತಿಯ ಇನ್ಸುಲಿನ್. ಪಂಪು ತೊಟ್ಟವರು ಅದು ಕೆಟ್ಟ ದಿನಕ್ಕೆಂದು ಮನೆಯಲ್ಲಿ ಸಿರಿಂಜನ್ನೂ ಇಟ್ಟುಕೊಂಡಿರಬೇಕಾದ್ದರಿಂದ, ಈ ಎರಡು ಸಾಂದ್ರತೆಗಳ ನಡುವೆ ಒಂದರ ಸಿರಿಂಜಿನಲ್ಲಿ ಇನ್ನೊಂದನ್ನು ಎಳೆದುಕೊಂಡರೆ ಎರಡೂವರೆ ಪಟ್ಟು ಹೆಚ್ಚೋ ಕಡಿಮೆಯೋ ಆಗುವ ಅಪಾಯವನ್ನು ಕುಟುಂಬದ ಪ್ರತಿಯೊಬ್ಬರೂ ಅರಿತಿರಬೇಕಾಗುತ್ತದೆ. ಪಂಪಿನ ಬೆಲೆ ಲಕ್ಷಗಳ ಲೆಕ್ಕದಲ್ಲಿದ್ದು, ಕ್ಯಾನ್ಯುಲಾ, ಕೊಳವೆ, ಮಾಪಕದ ಸಂವೇದಕ ಎಂದು ತಿಂಗಳು ತಿಂಗಳೂ ಬರುವ ಖರ್ಚು ಅದಕ್ಕಿಂತ ಹೆಚ್ಚು ಕಾಡುವಂಥದು. ಫ್ರಿಜ್ಜಿಲ್ಲದ ಮನೆಗಳಲ್ಲಿ ಇನ್ಸುಲಿನ್ ಬಾಟಲಿಯನ್ನು ನೀರಿನ ಮಣ್ಣಿನ ಮಡಕೆಯಲ್ಲಿ ತಂಪಾಗಿಡುವ ಪದ್ಧತಿ ನಡೆದೇ ಇದೆ. 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮೈಗೆ ತಾಗಿಕೊಂಡ ಪಂಪಿನೊಳಗಿನ ಇನ್ಸುಲಿನ್ ಬೇಗ ಸತ್ವಗುಂದುವುದರಿಂದ, ಮೂರು ದಿನ ಬಾಳಬೇಕಾದ ಸಂಗ್ರಹವನ್ನು ಮುಂಚೆಯೇ ಬದಲಿಸಬೇಕಾದೀತು, ಅಂದರೆ ಖರ್ಚು ಇನ್ನಷ್ಟು ಏರುತ್ತದೆ. ಮಾಪಕದ ಮಾತು ಕೇಳಿ ಗತಿಯನ್ನು ತಾನಾಗಿ ಏರಿಳಿಸುವ ಪಂಪನ್ನು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯ ಮೂಲಕ ಟೈಪ್ 1 ಮಧುಮೇಹದ ಮಕ್ಕಳಿಗೆ ಒದಗಿಸುವಂತೆ ಅಲ್ಲಿನ ಮಾರ್ಗದರ್ಶಿ ಸಂಸ್ಥೆ 2023ರ ಡಿಸೆಂಬರಿನಲ್ಲಿ ಶಿಫಾರಸು ಮಾಡಿದ್ದನ್ನು ನೆನೆದರೆ, ಇಲ್ಲಿನ ಮಕ್ಕಳ ಪಾಲಿಗೆ ಅದು ಇನ್ನೂ ಹೆತ್ತವರ ಸಂಪಾದನೆಯ ಮಾತಾಗಿಯೇ ಉಳಿದಿರುವುದು ನೋವು ತರುತ್ತದೆ.

ಇಂದಿನ ಅತ್ಯಾಧುನಿಕ ಪಂಪುಗಳನ್ನೂ ಅರೆಸ್ವಯಂಚಾಲಿತವೆಂದೇ ಕರೆಯುತ್ತಾರೆ, ಅದಕ್ಕೆ ಕಾರಣವಿದೆ. ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಯಕೃತ್ತಿಗೆ ನೇರವಾಗಿ ಸಾಗುವ ರಕ್ತನಾಳಕ್ಕೆ ಬಿದ್ದು ನಿಮಿಷಗಳಲ್ಲಿ ಕೆಲಸ ಮಾಡಿ ನಿಮಿಷಗಳಲ್ಲೇ ಮುಗಿಯುತ್ತದೆ. ಚರ್ಮದಡಿಗೆ ಹರಿದ ಶೀಘ್ರಗತಿಯ ಇನ್ಸುಲಿನ್ ಆರಂಭವಾಗಲು ಹತ್ತು ಹದಿನೈದು ನಿಮಿಷ, ಉತ್ತುಂಗಕ್ಕೆ ಏರಲು ಒಂದರಿಂದ ಎರಡು ಗಂಟೆ, ಇಳಿಯಲು ಮೂರರಿಂದ ಐದು ಗಂಟೆ ತೆಗೆದುಕೊಳ್ಳುತ್ತದೆ. ಊಟದಿಂದ ಏರತೊಡಗಿದ ಸಕ್ಕರೆಯನ್ನು ಮಾಪಕ ಕಂಡು ಪಂಪಿಗೆ ಹೇಳಿ, ಪಂಪು ಹರಿಸುವ ಹೊತ್ತಿಗೆ ಊಟ ಮುಂದೆ ಸಾಗಿರುತ್ತದೆ. ಹಾಗಾಗಿ ರಾತ್ರಿಯ ಪಹರೆಯನ್ನು ಬಹುಮಟ್ಟಿಗೆ ಯಂತ್ರ ವಹಿಸಿಕೊಂಡಿದ್ದರೂ, ಹಗಲಿನಲ್ಲಿ ತಟ್ಟೆಯ ಮುಂದೆ ಕೂತವರು ಮೊದಲ ತುತ್ತಿಗೆ ಹತ್ತು ಹದಿನೈದು ನಿಮಿಷ ಮುಂಚೆ, ಇಂದಿನ ಮುದ್ದೆ ಎಷ್ಟು ದೊಡ್ಡದಿರಬಹುದೆಂದು ಎಣಿಸಿ, ಆ ಅಂಕಿಯನ್ನು ಪಂಪಿಗೆ ತಿಳಿಸಬೇಕಾಗುತ್ತದೆ.